ಜೌಲ್‌ಗಳಿಗೂ ಒಂದು ಖಾತೆ: ಆಪರೇಟಿಂಗ್ ಸಿಸ್ಟಮ್‌ನಲ್ಲಿ ಶಕ್ತಿಯನ್ನು ಸಂಪನ್ಮೂಲವಾಗಿ ನಿರ್ವಹಿಸುವುದು ಹೇಗೆ?

ಯಾವುದಾದರೂ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಯಾವ ಪ್ರೋಗ್ರಾಮು ಪ್ರೊಸೆಸರಿನ ಎಷ್ಟು ಪಾಲು ಪಡೆದಿದೆ, ಎಷ್ಟು ಮೆಮೊರಿ ಹಿಡಿದು ಕುಳಿತಿದೆ, ಡಿಸ್ಕಿಗೆ ಎಷ್ಟು ಬರೆದಿದೆ ಎಂಬುದಕ್ಕೆಲ್ಲ ಅಂಕಿ ಸಿಗುತ್ತದೆ. ಅದೇ ವ್ಯವಸ್ಥೆಯನ್ನು ‘ಈ ಪ್ರೋಗ್ರಾಮು ಬೆಳಗಿನಿಂದ ಎಷ್ಟು ಶಕ್ತಿ ತಿಂದಿತು?’ ಎಂದು ಕೇಳಿದರೆ ‘ಕಡಿಮೆ’, ‘ಹೆಚ್ಚು’ ಎಂಬ ಮಾತು ಸಿಕ್ಕೀತು, ಜೌಲ್‌ಗಳ ಲೆಕ್ಕ ಸಿಗುವುದಿಲ್ಲ.

ಇದು ವಿಚಿತ್ರ. ಸಂಪನ್ಮೂಲಗಳನ್ನು ಹಂಚುವುದೇ ಆಪರೇಟಿಂಗ್ ಸಿಸ್ಟಮ್‌ನ ಕೆಲಸ ಎಂದು ಪಠ್ಯಪುಸ್ತಕದ ಮೊದಲ ಪುಟವೇ ಹೇಳುತ್ತದೆ. ಮೆಮೊರಿಯನ್ನು ಬಿಟ್ಟುಕೊಟ್ಟರೆ ಅದು ಮರಳಿ ಬರುತ್ತದೆ. ಪ್ರೊಸೆಸರಿನ ಒಂದು ಸೆಕೆಂಡು ವ್ಯರ್ಥವಾದರೆ ಮುಂದಿನ ಸೆಕೆಂಡು ಹೊಸದಾಗಿ ಸಿಗುತ್ತದೆ. ಬ್ಯಾಟರಿಯಿಂದ ಹೋದ ಜೌಲ್ ಮಾತ್ರ ಹೋಯಿತು. ಮರಳಿ ಬಾರದ ಈ ಸಂಪನ್ಮೂಲಕ್ಕೇ ಖಾತೆ ಇಲ್ಲ.

ಖಾತೆ ತೆರೆಯುವ ಪ್ರಯತ್ನಗಳು ಹೊಸವಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ‘ಇಕೋಸಿಸ್ಟಮ್’ ಎಂಬ ಮಾರ್ಪಡಿಸಿದ ಲಿನಕ್ಸ್, ಕರೆಂಟ್ ಮತ್ತು ಕರೆನ್ಸಿ ಎರಡನ್ನೂ ಬೆಸೆದು ‘ಕರೆಂಟ್ಸಿ’ ಎಂಬ ಲೆಕ್ಕದ ನಾಣ್ಯವನ್ನೇ ಟಂಕಿಸಿತು. ಪ್ರತಿ ಅವಧಿಯ ಆರಂಭದಲ್ಲಿ ಪ್ರೋಗ್ರಾಮುಗಳಿಗೆ ಈ ನಾಣ್ಯ ಹಂಚಬೇಕು, ಪ್ರೊಸೆಸರ್, ಡಿಸ್ಕ್, ನೆಟ್‌ವರ್ಕ್ ಬಳಸಿದಂತೆಲ್ಲ ಕಳೆಯಬೇಕು, ಖಾಲಿಯಾದವರಿಗೆ ಸರದಿ ಇಲ್ಲ. ಇಂದಿನ ಸಾಮಾನ್ಯ ಲಿನಕ್ಸ್‌ನಲ್ಲಿ ಅಂತಹ ಸೌಲಭ್ಯ ಸಿದ್ಧರೂಪದಲ್ಲಿ ಇಲ್ಲದಿದ್ದರೂ ಇರುವ ಸಲಕರಣೆಗಳನ್ನೇ ಜೋಡಿಸಿ ಅದರ ಹತ್ತಿರಕ್ಕೆ ಹೋಗಬಹುದು. ಈ ಮಾರ್ಗದರ್ಶಿ ಅದಕ್ಕಾಗಿ. ಮುಖ್ಯವಾಗಿ ಲಿನಕ್ಸ್ ಲ್ಯಾಪ್‌ಟಾಪನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್‌ಗಳ ಮಾತು ಅಲ್ಲಲ್ಲಿ ಬರುತ್ತದೆ. ಆಜ್ಞೆ ಮತ್ತು ಫೈಲುಗಳ ಹೆಸರನ್ನು ಉಚ್ಚಾರಣೆಯಂತೆ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಂತ 1: ವ್ಯಾಟ್ ಬೇರೆ, ಜೌಲ್ ಬೇರೆ

ವ್ಯಾಟ್ ಎಂದರೆ ಶಕ್ತಿ ಖರ್ಚಾಗುವ ವೇಗ, ಜೌಲ್ ಎಂದರೆ ಖರ್ಚಾದ ಒಟ್ಟು ಮೊತ್ತ. ಒಂದು ವ್ಯಾಟ್‌ನಲ್ಲಿ ಒಂದು ಸೆಕೆಂಡು ಓಡಿದರೆ ಒಂದು ಜೌಲ್. 50 ವ್ಯಾಟ್-ಅವರ್ ಬ್ಯಾಟರಿಯಲ್ಲಿ 1,80,000 ಜೌಲ್ ಇರುತ್ತದೆ. ಯಂತ್ರ ಸರಾಸರಿ 6 ವ್ಯಾಟ್ ಎಳೆದರೆ ಅದು 30,000 ಸೆಕೆಂಡು, ಅಂದರೆ 8 ಗಂಟೆ 20 ನಿಮಿಷ ಬಾಳುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿಯೇ. ವ್ಯಾಟ್ ಇಳಿಯಿತೆಂದು ಸಂತೋಷಪಡುತ್ತಾರೆ, ಕೆಲಸ ಮುಗಿಯಲು ಹಿಡಿದ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಉದಾಹರಣೆ ನೋಡೋಣ. ಒಂದು ಕೆಲಸವನ್ನು ಪ್ರೊಸೆಸರ್ ಪೂರ್ಣ ವೇಗದಲ್ಲಿ 20 ವ್ಯಾಟ್ ಎಳೆಯುತ್ತ 3 ಸೆಕೆಂಡಿನಲ್ಲಿ ಮುಗಿಸುತ್ತದೆ: 60 ಜೌಲ್. ಅದನ್ನೇ ನಿಧಾನಗತಿಯಲ್ಲಿ 8 ವ್ಯಾಟ್ ಎಳೆಯುತ್ತ 10 ಸೆಕೆಂಡಿನಲ್ಲಿ ಮುಗಿಸುತ್ತದೆ: 80 ಜೌಲ್. ಬೇಗ ಮುಗಿಸಿ ಮಲಗುವುದೇ ಲಾಭ ಎನ್ನಿಸುತ್ತದೆ. ಆದರೆ ಹೋಲಿಕೆ ಒಂದೇ ಅವಧಿಯದಾಗಿರಬೇಕಲ್ಲವೇ? ಮೊದಲ ಸಂದರ್ಭದಲ್ಲಿ ಉಳಿದ 7 ಸೆಕೆಂಡು ಯಂತ್ರ ಸುಮ್ಮನೆ ಇದ್ದರೂ 3 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ, 21 ಜೌಲ್ ಸೇರಿ ಒಟ್ಟು 81 ಆಯಿತು. ಎರಡೂ ಹೆಚ್ಚು ಕಡಿಮೆ ಸಮ. ಸುಮ್ಮನಿರುವಾಗಿನ ಖರ್ಚು 1 ವ್ಯಾಟ್‌ಗೆ ಇಳಿದಿದ್ದರೆ ಮೊದಲ ದಾರಿಯ ಮೊತ್ತ 67 ಜೌಲ್, ಆಗ ಅದು ನಿಜವಾಗಿಯೂ ಅಗ್ಗ.

ಅಂದರೆ ಓಡುವ ವೇಗವನ್ನು ತಿದ್ದುವ ಮೊದಲು ನಿದ್ದೆ ಎಷ್ಟು ಆಳವಾಗಿದೆ ಎಂದು ನೋಡಬೇಕು. ಈ ಕಾರಣಕ್ಕೇ ಕೆಳಗಿನ ಹಂತಗಳಲ್ಲಿ ನಿದ್ದೆಗೆಡಿಸುವವರನ್ನು ಹುಡುಕುವ ಕೆಲಸ ಮೊದಲು ಬರುತ್ತದೆ, ಆವರ್ತನದ (ಪ್ರೊಸೆಸರಿನ ಗಡಿಯಾರ ಮಿಡಿಯುವ ವೇಗದ) ಕೆಲಸ ಆಮೇಲೆ.

ಹಂತ 2: ಇಡೀ ಯಂತ್ರದ ತಳಮಟ್ಟ ಅಳೆಯಿರಿ

ಚಾರ್ಜರ್ ಕಿತ್ತುಹಾಕಿ. ಪರದೆಯ ಬೆಳಕನ್ನು ಒಂದು ಮಟ್ಟಕ್ಕೆ ಇಟ್ಟು ಅದನ್ನು ಬರೆದಿಟ್ಟುಕೊಳ್ಳಿ. ಹತ್ತು ನಿಮಿಷ ಯಂತ್ರವನ್ನು ಮುಟ್ಟಬೇಡಿ. ಆಮೇಲೆ ಸಿಸ್ ಡೈರೆಕ್ಟರಿಯೊಳಗಿನ ಕ್ಲಾಸ್, ಅದರೊಳಗೆ ಪವರ್-ಸಪ್ಲೈ, ಅದರೊಳಗಿನ ಬ್ಯಾಟರಿಯ ಫೋಲ್ಡರಿಗೆ ಹೋಗಿ. ‘ಪವರ್-ನೌ’ ಎಂಬ ಫೈಲಿನಲ್ಲಿ ಆ ಕ್ಷಣದ ಸೆಳೆತ ಮೈಕ್ರೋವ್ಯಾಟ್‌ಗಳಲ್ಲಿ ಇರುತ್ತದೆ. 52,00,000 ಎಂದಿದ್ದರೆ 5.2 ವ್ಯಾಟ್. ಕೆಲವು ಯಂತ್ರಗಳಲ್ಲಿ ಈ ಫೈಲು ಇರುವುದಿಲ್ಲ. ಆಗ ‘ಕರೆಂಟ್-ನೌ’ ಮತ್ತು ‘ವೋಲ್ಟೇಜ್-ನೌ’ ಎರಡನ್ನೂ ಓದಿ ಗುಣಿಸಬೇಕು.

ಹತ್ತು ಸೆಕೆಂಡಿಗೊಮ್ಮೆ ಓದಿದರೆ ಸಾಕು. ಹತ್ತನೇ ಒಂದು ಸೆಕೆಂಡಿಗೊಮ್ಮೆ ಓದುವ ಸ್ಕ್ರಿಪ್ಟ್ ತಾನೇ ಯಂತ್ರವನ್ನು ಎಬ್ಬಿಸುತ್ತಿರುತ್ತದೆ, ಆಗ ನೀವು ಅಳೆಯುತ್ತಿರುವುದು ನಿಮ್ಮ ಅಳತೆಗೋಲನ್ನೇ. ಐದು ಸಲ ಅಳೆದು ಅಂಕಿಗಳು ಎಷ್ಟು ಚದುರಿವೆ ಎಂದು ನೋಡಿ. ಅರ್ಧ ವ್ಯಾಟ್ ಹಿಂದೆ ಮುಂದೆ ಆಗುತ್ತಿರುವಾಗ ‘0.2 ವ್ಯಾಟ್ ಉಳಿಸಿದೆ’ ಎನ್ನುವುದಕ್ಕೆ ಅರ್ಥವಿಲ್ಲ.

ಬ್ಯಾಟರಿ ಇಡೀ ಯಂತ್ರದ ಮೊತ್ತ ಹೇಳುತ್ತದೆ. ಪ್ರೊಸೆಸರಿನ ಪಾಲು ಬೇರೆಯಾಗಿ ಬೇಕಾದರೆ ಆರ್‌ಎಪಿಎಲ್ ಇದೆ. ಇಂಟೆಲ್ 2011ರ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರುಗಳಲ್ಲಿ ತಂದ ಈ ಸೌಲಭ್ಯ ಖರ್ಚಾದ ಶಕ್ತಿಯನ್ನು ಕೂಡುತ್ತಾ ಹೋಗುವ ಕೌಂಟರುಗಳನ್ನು ಕೊಡುತ್ತದೆ: ಇಡೀ ಚಿಪ್‌ನದು ಒಂದು, ಕೋರ್‌ಗಳದು ಒಂದು, ಕೆಲವೆಡೆ ಮೆಮೊರಿಯದೂ ಒಂದು. ಲಿನಕ್ಸ್‌ನಲ್ಲಿ ಸಿಸ್, ಕ್ಲಾಸ್, ಪವರ್‌ಕ್ಯಾಪ್ ದಾರಿಯಲ್ಲಿ ಹೋದರೆ ‘ಎನರ್ಜಿ-ಯುಜೆ’ ಎಂಬ ಫೈಲು ಮೈಕ್ರೋಜೌಲ್‌ಗಳಲ್ಲಿ ಈ ಮೊತ್ತವನ್ನು ತೋರಿಸುತ್ತದೆ. ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರ, ಇಲ್ಲದಿದ್ದರೆ ಓದಲು ಬಿಡುವುದಿಲ್ಲ. ಅದಕ್ಕೆ ಕಾರಣವಿದೆ: ಈ ಕೌಂಟರಿನ ಏರಿಳಿತವನ್ನು ಗಮನಿಸಿಯೇ ಗುಪ್ತಲಿಪಿಯ ಕೀಲಿಗಳನ್ನು ಕದಿಯಬಹುದೆಂದು 2020ರಲ್ಲಿ ‘ಪ್ಲಾಟಿಪಸ್’ ದಾಳಿ ತೋರಿಸಿತು. ಶಕ್ತಿಯ ಲೆಕ್ಕ ಕೂಡ ಗುಟ್ಟು ಬಿಟ್ಟುಕೊಡುತ್ತದೆ.

ಇಲ್ಲೊಂದು ಹೊಂಡವಿದೆ, ನಾನು ಅದರಲ್ಲಿ ಬಿದ್ದವನು. ರಾತ್ರಿಯಿಡೀ ಅಳೆಯಲು ಬಿಟ್ಟು ಬೆಳಿಗ್ಗೆ ಪಟ್ಟಿ ನೋಡಿದರೆ ನನ್ನ ಪ್ರೊಸೆಸರ್ ಎರಡು ಕಡೆ ಋಣಾತ್ಮಕ ವ್ಯಾಟ್ ಬಳಸಿತ್ತು. ಪ್ರೊಸೆಸರ್ ವಿದ್ಯುತ್ ಉತ್ಪಾದಿಸಲು ತೊಡಗಿರಲಿಲ್ಲ, 32 ಬಿಟ್‌ನ ಕೌಂಟರು ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗಿತ್ತು. ಒಂದು ಎಣಿಕೆಗೆ ಸುಮಾರು 15.3 ಮೈಕ್ರೋಜೌಲ್ ಇರುವ ಚಿಪ್‌ನಲ್ಲಿ 65,536 ಜೌಲ್‌ಗೆ ಕೌಂಟರು ಒಂದು ಸುತ್ತು ಮುಗಿಸುತ್ತದೆ. 10 ವ್ಯಾಟ್ ಎಳೆಯುವ ಪ್ರೊಸೆಸರಿಗೆ ಅದು ಎರಡು ಗಂಟೆಯೊಳಗಿನ ಮಾತು, 100 ವ್ಯಾಟ್‌ನದಕ್ಕೆ ಹನ್ನೊಂದು ನಿಮಿಷ. ಪಕ್ಕದಲ್ಲೇ ಇರುವ ‘ಮ್ಯಾಕ್ಸ್-ಎನರ್ಜಿ-ರೇಂಜ್’ ಫೈಲಿನಲ್ಲಿ ನಿಮ್ಮ ಯಂತ್ರದ ಸುತ್ತಿನ ಮಿತಿ ಇರುತ್ತದೆ. ಹೊಸ ಓದು ಹಳೆಯದಕ್ಕಿಂತ ಕಡಿಮೆ ಇದ್ದರೆ ಹೊಸದಕ್ಕೆ ಆ ಮಿತಿಯನ್ನು ಕೂಡಿಸಿ, ಆಮೇಲೆ ಹಳೆಯದನ್ನು ಕಳೆಯಿರಿ.

ವಿಂಡೋಸ್‌ನಲ್ಲಿ ಪವರ್‌ಸಿಎಫ್‌ಜಿ ಆಜ್ಞೆಗೆ ‘ಎನರ್ಜಿ’ ಆಯ್ಕೆ ಕೊಟ್ಟರೆ ಅದು 60 ಸೆಕೆಂಡು ಗಮನಿಸಿ ವರದಿ ಬರೆದುಕೊಡುತ್ತದೆ. ಮ್ಯಾಕ್‌ನಲ್ಲಿ ಪವರ್‌ಮೆಟ್ರಿಕ್ಸ್ ಇದೆ. ಮೇಜಿನ ಕಂಪ್ಯೂಟರಿಗಾದರೆ ಗೋಡೆಯ ಸಾಕೆಟ್‌ಗೆ ಸಿಕ್ಕಿಸುವ ಮೀಟರಿಗಿಂತ ನಂಬಿಕಸ್ಥ ಸಾಕ್ಷಿ ಇಲ್ಲ.

ಹಂತ 3: ನಿದ್ದೆಗೆಡಿಸುವವರನ್ನು ಹಿಡಿಯಿರಿ

ಮಾಡಲು ಕೆಲಸವಿಲ್ಲದಾಗ ಪ್ರೊಸೆಸರ್ ಹಂತಹಂತವಾಗಿ ನಿದ್ದೆಗೆ ಇಳಿಯುತ್ತದೆ. ಮೇಲಿನ ಹಂತದಲ್ಲಿ ಗಡಿಯಾರದ ಮಿಡಿತವಷ್ಟೇ ನಿಲ್ಲುತ್ತದೆ, ಆಳದ ಹಂತದಲ್ಲಿ ಕ್ಯಾಶ್ (ಪ್ರೊಸೆಸರಿನೊಳಗಿನ ಪುಟ್ಟ ಮೆಮೊರಿ) ಬರಿದಾಗಿ ವೋಲ್ಟೇಜೇ ಕಡಿತವಾಗುತ್ತದೆ. ಆಳಕ್ಕೆ ಹೋದಷ್ಟೂ ಎದ್ದು ಬರಲು ಹೆಚ್ಚು ಸಮಯ, ಹೆಚ್ಚು ಶಕ್ತಿ ಬೇಕು. ಹಾಗಾಗಿ ‘ಮುಂದಿನ ಕರೆ ಎಷ್ಟು ಹೊತ್ತಿಗೆ ಬಂದೀತು’ ಎಂದು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಊಹಿಸಿ, ಸಾಕಷ್ಟು ಬಿಡುವು ಇದೆ ಎನಿಸಿದರೆ ಮಾತ್ರ ಆಳಕ್ಕೆ ಕಳುಹಿಸುತ್ತದೆ. ಸೆಕೆಂಡಿಗೆ ನೂರು ಸಲ ಎಬ್ಬಿಸುವ ಒಂದೇ ಒಂದು ಪ್ರೋಗ್ರಾಮು ಇದ್ದರೂ ಬಿಡುವು ಹತ್ತು ಮಿಲಿಸೆಕೆಂಡ್ ದಾಟುವುದಿಲ್ಲ. ಎಲ್ಲ ಕೋರ್‌ಗಳೂ ಮಲಗಿದರೆ ಮಾತ್ರ ಇಡೀ ಚಿಪ್ ಮಲಗಬಲ್ಲದು ಎಂಬುದು ಇನ್ನೊಂದು ತೊಡಕು, ಒಬ್ಬನಿಗೆ ಎಚ್ಚರವಾದರೆ ಮನೆಗೆಲ್ಲ ಎಚ್ಚರ.

ಹಿಂದೆ ಕರ್ನಲ್‌ನದೇ ಗಡಿಯಾರ ಸೆಕೆಂಡಿಗೆ ನೂರಾರು ಸಲ ಬಡಿದು ಎಬ್ಬಿಸುತ್ತಿತ್ತು. 2007ರಲ್ಲಿ ಬಂದ ಲಿನಕ್ಸ್ 2.6.21ರಿಂದ ಕೆಲಸವಿಲ್ಲದಾಗ ಆ ಬಡಿತ ನಿಂತಿತು. ಕರ್ನಲ್ ಸುಮ್ಮನಾದ ಮೇಲೆ ಗದ್ದಲ ಮಾಡುತ್ತಿದ್ದ ಉಳಿದವರು ಯಾರೆಂದು ಕಂಡಿತು. ಅವರನ್ನು ಪಟ್ಟಿ ಮಾಡಲೆಂದೇ ಅದೇ ವರ್ಷ ಇಂಟೆಲ್ ‘ಪವರ್‌ಟಾಪ್’ ಬಿಡುಗಡೆ ಮಾಡಿತು. ಇಂದಿಗೂ ನಾನು ಮೊದಲು ಕೈ ಹಾಕುವುದು ಅದಕ್ಕೇ.

ಪವರ್‌ಟಾಪನ್ನು ರೂಟ್ ಆಗಿ ನಡೆಸಿ ಐದು ನಿಮಿಷ ಬಿಡಿ. ಮೊದಲ ಪುಟದಲ್ಲಿ ಸೆಕೆಂಡಿಗೆ ಎಷ್ಟು ಎಚ್ಚರ ಎಂಬ ಮೊತ್ತ, ಅದರ ಕೆಳಗೆ ಯಾರಿಂದ ಎಷ್ಟು ಎಂಬ ಪಟ್ಟಿ ಇರುತ್ತದೆ. ಪ್ರೋಗ್ರಾಮಿನ ಪಕ್ಕದಲ್ಲಿ ಕಾಣುವ ವ್ಯಾಟ್ ಅಂಕಿ ಲೆಕ್ಕಾಚಾರದಿಂದ ಬಂದ ಅಂದಾಜು, ಅದನ್ನು ಪ್ರಮಾಣ ಎಂದು ಒಪ್ಪಬೇಡಿ. ಎಚ್ಚರಗಳ ಸಂಖ್ಯೆಯನ್ನು ನಂಬಬಹುದು.

ಒಂದು ಪ್ರಕರಣವನ್ನು ಹತ್ತಿರದಿಂದ ನೋಡೋಣ. ಪರದೆಯ ಮೇಲಂಚಿನಲ್ಲಿ ಸಮಯ, ಬ್ಯಾಟರಿ, ಧ್ವನಿಯ ಮಟ್ಟ, ನೆಟ್‌ವರ್ಕ್ ತೋರಿಸುವ ಪಟ್ಟಿಗೆಂದು ನಾನು ಬರೆದಿದ್ದ ಸ್ಕ್ರಿಪ್ಟ್ ಅದು. ಸೆಕೆಂಡಿಗೊಮ್ಮೆ ಶೆಲ್ (ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮು) ಎದ್ದು ನಾಲ್ಕು ಪುಟ್ಟ ಪ್ರೋಗ್ರಾಮುಗಳನ್ನು ಹುಟ್ಟಿಸಿ, ಅವುಗಳ ಉತ್ತರ ಓದಿ, ಅವನ್ನು ಕೊನೆಗೊಳಿಸಿ ಮಲಗುತ್ತಿತ್ತು. ಪ್ರೊಸೆಸರ್ ಬಳಕೆಯ ಅಂಕಣದಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲೇ ಇರುತ್ತಿದ್ದುದರಿಂದ ಅನುಮಾನವೇ ಬಂದಿರಲಿಲ್ಲ. ಪವರ್‌ಟಾಪ್ ಪಟ್ಟಿಯಲ್ಲಿ ಮಾತ್ರ ಅದು ಬ್ರೌಸರಿನ ಪಕ್ಕದಲ್ಲೇ ಕುಳಿತಿತ್ತು. ನಾಲ್ಕು ಪ್ರೋಗ್ರಾಮುಗಳೆಂದರೆ ನಾಲ್ಕು ಹುಟ್ಟು, ನಾಲ್ಕು ಸಾವು, ಲೈಬ್ರರಿಗಳನ್ನು ನಾಲ್ಕು ಸಲ ಮೆಮೊರಿಗೆ ಜೋಡಿಸುವ ಕೆಲಸ, ಕೊನೆಗೆ ಪರದೆಯ ಒಂದು ಪಟ್ಟಿಯನ್ನು ಮತ್ತೆ ಬಿಡಿಸಲು ಗ್ರಾಫಿಕ್ಸ್ ಚಿಪ್‌ಗೂ ಕರೆ. ದಿನಕ್ಕೆ 86,400 ಸಲ! ಹನಿಗೂಡಿದರೆ ಹಳ್ಳ ಎನ್ನುವುದು ಎಚ್ಚರಗಳಿಗೂ ನಿಜ.

ಸರಿಪಡಿಸುವುದು ಸುಲಭವಿತ್ತು. ಗಡಿಯಾರದಲ್ಲಿ ಸೆಕೆಂಡು ಕಾಣಿಸುತ್ತಿರಲಿಲ್ಲ, ಆದ್ದರಿಂದ ನಿಮಿಷಕ್ಕೊಮ್ಮೆ ಸಾಕು. ಧ್ವನಿ ಮತ್ತು ನೆಟ್‌ವರ್ಕ್ ಬದಲಾದಾಗ ವ್ಯವಸ್ಥೆಯೇ ಸುದ್ದಿ ಕಳುಹಿಸುತ್ತದೆ, ಆ ಸುದ್ದಿಗೆ ಕಾದು ಕುಳಿತರಾಯಿತು. ಬ್ಯಾಟರಿಯ ಅಂಕಿಯೂ ನಿಮಿಷಕ್ಕೊಮ್ಮೆ. ಮತ್ತೆ ಮತ್ತೆ ಹೋಗಿ ‘ಬಂತೇ?’ ಎಂದು ಕೇಳುವ ಪ್ರೋಗ್ರಾಮನ್ನು ‘ಬಂದಾಗ ಕರೆಯಿರಿ’ ಎನ್ನುವಂತೆ ತಿದ್ದುವುದೇ ಈ ಹಂತದ ನಿಜವಾದ ಕೆಲಸ.

ತಿದ್ದಲಾಗದ ಪ್ರೋಗ್ರಾಮುಗಳಿಗೆ ಟೈಮರ್‌ಗಳ ಸಡಿಲಿಕೆ ಎಂಬ ಉಪಾಯವಿದೆ. ಎಲ್ಲರ ಅಲಾರಂಗಳೂ ಸ್ವಲ್ಪ ಹಿಂದೆ ಮುಂದೆ ಆದರೆ ನಡೆಯುತ್ತದೆ ಎಂದಾದರೆ ಕರ್ನಲ್ ಅವನ್ನು ಒಟ್ಟುಗೂಡಿಸಿ ಒಂದೇ ಸಲ ಏಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯ ಪ್ರೋಗ್ರಾಮಿನ ಸಡಿಲಿಕೆ 50 ಮೈಕ್ರೋಸೆಕೆಂಡ್ ಮಾತ್ರ. ಹಿನ್ನೆಲೆ ಕೆಲಸಗಳಿಗೆ ಅದನ್ನು ಧಾರಾಳವಾಗಿ ಹೆಚ್ಚಿಸಬಹುದು. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಟೈಮರುಗಳಲ್ಲಿ ಇದು ಮೊದಲಿನಿಂದಲೇ ಒಂದು ನಿಮಿಷ ಇರುತ್ತದೆ. ಮ್ಯಾಕ್‌ನಲ್ಲಿ ಈ ಒಟ್ಟುಗೂಡಿಸುವಿಕೆ 2013ರ ಮಾವೆರಿಕ್ಸ್‌ನೊಂದಿಗೆ ಬಂತು. ವಿಂಡೋಸ್‌ನಲ್ಲಿ ಗಡಿಯಾರದ ಸಹಜ ಬಡಿತ 15.6 ಮಿಲಿಸೆಕೆಂಡಿಗೊಮ್ಮೆ. ಅದನ್ನು 1 ಮಿಲಿಸೆಕೆಂಡಿಗೆ ಇಳಿಸಿಕೊಳ್ಳುವ ಪ್ರೋಗ್ರಾಮುಗಳನ್ನು ಪವರ್‌ಸಿಎಫ್‌ಜಿ ವರದಿ ಹೆಸರು ಹಿಡಿದು ತೋರಿಸುತ್ತದೆ.

ಎಚ್ಚರದ ಬೆಲೆ ಎಷ್ಟು ದುಬಾರಿ ಎಂಬುದಕ್ಕೆ 2012ರ ಜೂನ್ 30ರ ರಾತ್ರಿ ಸಾಕ್ಷಿ. ಅಂದು ಜಗತ್ತಿನ ಗಡಿಯಾರಕ್ಕೆ ಒಂದು ಅಧಿಕ ಸೆಕೆಂಡು ಸೇರಿತು. ಲಿನಕ್ಸ್ ಕರ್ನಲ್‌ನ ಒಂದು ದೋಷದಿಂದಾಗಿ ಟೈಮರಿಗೆ ಕಾಯುತ್ತಿದ್ದ ಪ್ರೋಗ್ರಾಮುಗಳು ಕಾಯದೆ ಸುತ್ತತೊಡಗಿದವು. ಮಾಡಲು ಏನೂ ಇಲ್ಲದ ಸರ್ವರುಗಳು ನೂರಕ್ಕೆ ನೂರು ಓಡಿದವು.

ಹಂತ 4: ಸಾಧನಗಳು

ಬಳಕೆಯಲ್ಲಿಲ್ಲದ ಸಾಧನವನ್ನು ಯಂತ್ರ ಓಡುತ್ತಿರುವಾಗಲೇ ಮಲಗಿಸುವ ಏರ್ಪಾಡು ಲಿನಕ್ಸ್‌ಗೆ 2009ರ 2.6.32ರಲ್ಲಿ ಬಂತು. ಪ್ರತಿ ಸಾಧನದ ಫೋಲ್ಡರಿನಲ್ಲಿ ಪವರ್ ಎಂಬ ಉಪಫೋಲ್ಡರ್, ಅದರಲ್ಲಿ ‘ಕಂಟ್ರೋಲ್’ ಎಂಬ ಫೈಲು. ‘ಆನ್’ ಎಂದಿದ್ದರೆ ಸದಾ ಎಚ್ಚರ, ‘ಆಟೋ’ ಎಂದಿದ್ದರೆ ಬೇಡವಾದಾಗ ನಿದ್ದೆ. ಪವರ್‌ಟಾಪ್‌ನ ‘ಟ್ಯೂನಬಲ್ಸ್’ ಪುಟ ಯಾವುದು ಹೇಗಿದೆ ಎಂದು ತೋರಿಸುತ್ತದೆ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಆಯ್ಕೆಯೂ ಅದರಲ್ಲಿದೆ, ಅದನ್ನು ಕಣ್ಣು ಮುಚ್ಚಿ ಬಳಸಬೇಡಿ. ಯುಎಸ್‌ಬಿ ಮೌಸ್ ಎರಡು ಸೆಕೆಂಡಿಗೇ ಮಲಗಿ, ಮೊದಲ ಚಲನೆಯನ್ನು ನುಂಗಿ, ನಿಮ್ಮನ್ನು ರೇಗಿಸುತ್ತದೆ. ಧ್ವನಿ ಚಿಪ್ ಎದ್ದಾಗಲೆಲ್ಲ ಸ್ಪೀಕರಿನಲ್ಲಿ ಟಪ್ ಎನ್ನಬಹುದು. ಒಂದೊಂದನ್ನೇ ಬದಲಿಸಿ, ಒಂದು ದಿನ ಬಳಸಿ, ಮುಂದುವರಿಯಿರಿ.

ರೇಡಿಯೋಗಳ ವಿಷಯ ಮಾತ್ರ ಬೇರೆ. ಮೊಬೈಲ್ ನೆಟ್‌ವರ್ಕಿನ ರೇಡಿಯೋ ಒಂದು ಪುಟ್ಟ ಪೊಟ್ಟಣ ಕಳುಹಿಸಿದ ಮೇಲೂ, ಇನ್ನೊಂದು ಬರಬಹುದೆಂದು ಕೆಲವು ಸೆಕೆಂಡು ಹೆಚ್ಚಿನ ಶಕ್ತಿಯ ಸ್ಥಿತಿಯಲ್ಲೇ ಕಾಯುತ್ತದೆ. ಅಂದರೆ ಖರ್ಚಿನ ದೊಡ್ಡ ಭಾಗ ಈ ಬಾಲದ್ದು. ನಿಮಿಷಕ್ಕೊಂದು ಸಲ ನೂರು ಬೈಟ್ ಕಳುಹಿಸುವುದಕ್ಕಿಂತ ಹದಿನೈದು ನಿಮಿಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಕಳುಹಿಸುವುದು ಎಷ್ಟೋ ಅಗ್ಗ. ಆಂಡ್ರಾಯ್ಡ್ 6 ರಲ್ಲಿ 2015ರಲ್ಲಿ ಬಂದ ‘ಡೋಜ್’ ಮಾಡುವುದು ಇದನ್ನೇ: ಫೋನು ಮೇಜಿನ ಮೇಲೆ ಅಲುಗದೆ ಬಿದ್ದಿದ್ದರೆ ಆ್ಯಪ್‌ಗಳ ಕೋರಿಕೆಗಳನ್ನು ತಡೆದಿಟ್ಟು, ಆಗಾಗ ಒಂದು ಕಿಂಡಿ ತೆರೆದು ಎಲ್ಲವನ್ನೂ ಒಟ್ಟಿಗೆ ಬಿಡುತ್ತದೆ.

ಹಂತ 5: ಆವರ್ತನದ ಕೀಲಿ

ಚಿಪ್‌ನ ಚಲನಶೀಲ ಖರ್ಚು ವೋಲ್ಟೇಜಿನ ವರ್ಗ ಮತ್ತು ಆವರ್ತನದ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ಆವರ್ತನ ಇಳಿಸಿದರೆ ವೋಲ್ಟೇಜನ್ನೂ ಇಳಿಸಬಹುದು, ಲಾಭ ಬರುವುದು ಅದರಿಂದ. ಜೆರಾಕ್ಸ್ ಪಾರ್ಕ್‌ನ ಮಾರ್ಕ್ ವೈಸರ್ ಮತ್ತು ಸಂಗಡಿಗರು 1994ರಲ್ಲೇ ಈ ಕೆಲಸವನ್ನು, ಯಾವ ಪ್ರೋಗ್ರಾಮಿಗೆ ಯಾವಾಗ ಸರದಿ ಎಂದು ನಿರ್ಧರಿಸುವ ಶೆಡ್ಯೂಲರಿಗೆ ಒಪ್ಪಿಸಬೇಕೆಂದು ವಾದಿಸಿದ್ದರು. ಲಿನಕ್ಸ್‌ನಲ್ಲಿ ಅದು ಪೂರ್ಣವಾಗಿ ಕೈಗೂಡಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತು: ಶೆಡ್ಯೂಲರಿನ ಲೆಕ್ಕವನ್ನೇ ನೋಡಿ ಆವರ್ತನ ನಿರ್ಧರಿಸುವ ‘ಸ್ಕೆಡ್‌ಯುಟಿಲ್’ 2016ರಲ್ಲಿ 4.7ರೊಂದಿಗೆ, ದೊಡ್ಡ-ಚಿಕ್ಕ ಕೋರ್‌ಗಳ ನಡುವೆ ಕೆಲಸವನ್ನು ಶಕ್ತಿ ನೋಡಿ ಹಂಚುವ ಏರ್ಪಾಡು 2019ರಲ್ಲಿ 5.0ರೊಂದಿಗೆ ಬಂದವು.

ಒಂದು ಗೊಂದಲ ನಿವಾರಿಸಿಬಿಡುತ್ತೇನೆ. ಇಂಟೆಲ್ ಪ್ರೊಸೆಸರಿನ ವೇಗ ನಿಯಂತ್ರಿಸುವ ಪಿ-ಸ್ಟೇಟ್ ಡ್ರೈವರ್ ತನ್ನ ಸಕ್ರಿಯ ವಿಧಾನದಲ್ಲಿರುವ ಯಂತ್ರದಲ್ಲಿ ಗವರ್ನರ್ (ಆವರ್ತನ ಆರಿಸುವ ನೀತಿ) ‘ಪವರ್‌ಸೇವ್’ ಎಂದು ಕಂಡರೆ ಪ್ರೊಸೆಸರ್ ಕನಿಷ್ಠ ವೇಗದಲ್ಲಿ ತೆವಳುತ್ತಿದೆ ಎಂದಲ್ಲ. ಅಲ್ಲಿ ಅದು ಬೇಕಾದಂತೆ ಏರಿಳಿಯುವ ಸಾಮಾನ್ಯ ಸ್ಥಿತಿಯ ಹೆಸರು. ತಿರುಗಿಸಬೇಕಾದ ಕೀಲಿ ‘ಎನರ್ಜಿ ಪರ್ಫಾರ್ಮೆನ್ಸ್ ಪ್ರಿಫರೆನ್ಸ್’ ಎಂಬ ಫೈಲು. ಬ್ಯಾಟರಿಯಲ್ಲಿರುವಾಗ ಅದನ್ನು ‘ಬ್ಯಾಲೆನ್ಸ್-ಪವರ್’ಗೆ ಇಡಿ. ಗರಿಷ್ಠ ಆವರ್ತನಕ್ಕೆ ಕತ್ತರಿ ಹಾಕುವುದು ನನಗೆ ಇಷ್ಟವಿಲ್ಲ, ಕೆಲಸಗಳು ಎಳೆದಾಡಿ ಪರದೆ ಹೆಚ್ಚು ಹೊತ್ತು ಉರಿಯುತ್ತದೆ. ಟರ್ಬೊ (ಸಹಜ ಮಿತಿಯನ್ನು ಮೀರಿದ ತಾತ್ಕಾಲಿಕ ವೇಗ) ಮಾತ್ರ ನಿಲ್ಲಿಸಿ ನೋಡಬಹುದು, ವೋಲ್ಟೇಜು ಅತಿ ಕಡಿದಾಗಿ ಏರುವುದು ಅಲ್ಲಿ. ನಿರ್ಧಾರಕ್ಕೆ ಬರುವ ಮೊದಲು ನೀವು ದಿನವೂ ಮಾಡುವ ಒಂದು ಕೆಲಸವನ್ನು, ಉದಾಹರಣೆಗೆ ಒಂದು ಕಂಪೈಲ್, ಎರಡೂ ರೀತಿಯಲ್ಲಿ ನಡೆಸಿ ಒಟ್ಟು ಜೌಲ್ ಅಳೆಯಿರಿ.

ಹಂತ 6: ಬಜೆಟ್ ಮಾಡಿ, ಮೀರಿದವರನ್ನು ತಡೆಯಿರಿ

ಇಲ್ಲಿಯವರೆಗೆ ಮಾಡಿದ್ದು ಉಳಿತಾಯ. ಶಕ್ತಿಯನ್ನು ಸಂಪನ್ಮೂಲವಾಗಿ ನಿರ್ವಹಿಸುವ ಕೆಲಸ ನಿಜವಾಗಿ ಶುರುವಾಗುವುದು ಈಗ.

ಗುರಿಯಿಂದ ಆರಂಭಿಸಿ. 50 ವ್ಯಾಟ್-ಅವರ್ ಬ್ಯಾಟರಿ ಹತ್ತು ಗಂಟೆ ಬರಬೇಕು ಎಂದರೆ ಸರಾಸರಿ 5 ವ್ಯಾಟ್ ದಾಟುವಂತಿಲ್ಲ. ಎರಡನೇ ಹಂತದಲ್ಲಿ ಅಳೆದ ತಳಮಟ್ಟ 3.2 ವ್ಯಾಟ್ ಎಂದಿಟ್ಟುಕೊಳ್ಳೋಣ. ಅದು ಯಾರ ಲೆಕ್ಕಕ್ಕೂ ಸೇರದ ಮನೆ ಬಾಡಿಗೆ. ಉಳಿದದ್ದು 1.8 ವ್ಯಾಟ್, ಅಂದರೆ ಹತ್ತು ಸೆಕೆಂಡಿನ ಪ್ರತಿ ಅವಧಿಗೆ 18 ಜೌಲ್. ಎಡಿಟರ್ ಮತ್ತು ಅದರ ಪರಿವಾರಕ್ಕೆ 9, ಬ್ರೌಸರಿಗೆ 6, ಫೈಲುಗಳ ಸೂಚಿ ಮಾಡುವುದು, ಬ್ಯಾಕಪ್ ಮುಂತಾದ ಹಿನ್ನೆಲೆ ಕೆಲಸಗಳಿಗೆ 3 ಎಂದು ಹಂಚುತ್ತೇನೆ.

ಮೂರು ಗುಂಪುಗಳಿಗೆ ಮೂರು ಸಿಗ್ರೂಪ್ (ಪ್ರೋಗ್ರಾಮುಗಳನ್ನು ಒಟ್ಟಾಗಿ ಲೆಕ್ಕ ಹಿಡಿದು ಮಿತಿ ಹಾಕಲು ಕರ್ನಲ್ ಕೊಡುವ ಗುಂಪು) ಬೇಕು, ಸಿಸ್ಟಮ್‌ಡಿಯಲ್ಲಿ ಮೂರು ಸ್ಲೈಸ್ ಮಾಡಿದರೆ ಅವು ತಾವಾಗಿ ಸಿದ್ಧವಾಗುತ್ತವೆ. ಪ್ರತಿ ಗುಂಪಿನ ‘ಸಿಪಿಯು-ಸ್ಟ್ಯಾಟ್’ ಫೈಲಿನಲ್ಲಿ ಅದು ಬಳಸಿದ ಪ್ರೊಸೆಸರ್ ಸಮಯ ಮೈಕ್ರೋಸೆಕೆಂಡುಗಳಲ್ಲಿ ಇರುತ್ತದೆ. ಜೌಲ್ ಇಲ್ಲ, ಸಮಯ ಇದೆ. ಸಮಯವನ್ನು ಜೌಲ್‌ಗೆ ಬದಲಿಸುವ ವಿನಿಮಯ ದರ ಬೇಕು.

ಅದನ್ನು ಹೀಗೆ ಕಂಡುಕೊಳ್ಳಿ: 60 ಸೆಕೆಂಡು ಯಂತ್ರವನ್ನು ಸುಮ್ಮನೆ ಬಿಟ್ಟು ಆರ್‌ಎಪಿಎಲ್ ಓದಿ, 60 ಜೌಲ್ ಬಂತು ಎನ್ನೋಣ. ಆಮೇಲೆ ಒಂದು ಕೋರ್ ಪೂರ್ತಿ ಕೆಲಸದಲ್ಲಿರುವಂತೆ 60 ಸೆಕೆಂಡು ನಡೆಸಿ, 300 ಬಂತು. ವ್ಯತ್ಯಾಸ 240, ಹಾಗಾದರೆ ಕೋರ್‌ನ ಒಂದು ಸೆಕೆಂಡಿಗೆ 4 ಜೌಲ್. ಹಿನ್ನೆಲೆಯ 3 ಜೌಲ್ ಎಂದರೆ ಹತ್ತು ಸೆಕೆಂಡಿನಲ್ಲಿ ಮುಕ್ಕಾಲು ಸೆಕೆಂಡಿನ ಪ್ರೊಸೆಸರ್ ಸಮಯ, ಅಂದರೆ ಒಂದು ಕೋರ್‌ನ ಶೇಕಡಾ 7.5. ಇಷ್ಟೇ ಸಾಕೆನಿಸಿದರೆ ಆ ಗುಂಪಿನ ‘ಸಿಪಿಯು-ಮ್ಯಾಕ್ಸ್’ ಫೈಲಿನಲ್ಲಿ 7500 ಮತ್ತು 100000 ಎಂದು ಬರೆದು ಕೈ ತೊಳೆದುಕೊಳ್ಳಬಹುದು.

ಆದರೆ ಚಪ್ಪಟೆ ಮಿತಿಯಲ್ಲಿ ಒಂದು ಅನ್ಯಾಯವಿದೆ: ಒಂದು ಗಂಟೆ ಸುಮ್ಮನಿದ್ದ ಬ್ಯಾಕಪ್‌ಗೂ, ಸತತ ಓಡುತ್ತಿದ್ದ ಬ್ಯಾಕಪ್‌ಗೂ ಒಂದೇ ಲಗಾಮು. ಅದಕ್ಕೆ ಖಾತೆ ಬೇಕು. ಹತ್ತು ಸೆಕೆಂಡಿಗೊಮ್ಮೆ ಏಳುವ ಒಂದು ಪುಟ್ಟ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮು) ಬರೆಯಿರಿ. ಅದು ಪ್ರತಿ ಗುಂಪಿನ ಖಾತೆಗೆ ಅದರ ಪಾಲು ಜಮೆ ಮಾಡಲಿ. ಕಳೆದ ಅವಧಿಯ ಪ್ರೊಸೆಸರ್ ಸಮಯವನ್ನು ಜೌಲ್‌ಗೆ ಬದಲಿಸಿ ಖರ್ಚು ಬರೆಯಲಿ. ಬಾಕಿ ಸೊನ್ನೆಗಿಂತ ಕೆಳಗಿಳಿದರೆ ಗುಂಪಿನ ‘ಸಿಗ್ರೂಪ್-ಫ್ರೀಜ್’ ಫೈಲಿನಲ್ಲಿ 1 ಬರೆದು ಹೆಪ್ಪುಗಟ್ಟಿಸಲಿ, ಮೇಲೆ ಬಂದ ಕೂಡಲೇ 0 ಬರೆದು ಬಿಡಲಿ. ಈ ಫೈಲು 5.2 ಅಥವಾ ಅದಕ್ಕಿಂತ ಹೊಸ ಕರ್ನಲ್‌ನಲ್ಲಿ ಇರುತ್ತದೆ. ಕೂಡಿಡಲು ಒಂದು ಮಿತಿ ಕಡ್ಡಾಯ, ನಾನು ಮೂರು ಅವಧಿಯಷ್ಟು, ಅಂದರೆ ಹಿನ್ನೆಲೆಗೆ 9 ಜೌಲ್ ಇಟ್ಟುಕೊಳ್ಳುತ್ತೇನೆ. ಮಿತಿ ಇಲ್ಲದಿದ್ದರೆ ರಾತ್ರಿಯೆಲ್ಲ ಕೂಡಿಟ್ಟವನು ಬೆಳಿಗ್ಗೆ ಎದ್ದು ಒಂದೇ ಉಸಿರಿಗೆ ಎಲ್ಲವನ್ನೂ ಸುರಿಯುತ್ತಾನೆ. ಡ್ಯೂಕ್‌ನ ಸಂಶೋಧಕರೂ ಉಳಿಕೆಗೆ ಇಂತಹ ಬೇಲಿ ಹಾಕಿದ್ದರು.

ಎರಡು ಎಚ್ಚರಿಕೆ. ನಿಮ್ಮ ಬೆರಳಿಗೆ ಉತ್ತರಿಸುವ ಪ್ರೋಗ್ರಾಮನ್ನು ಎಂದೂ ಹೆಪ್ಪುಗಟ್ಟಿಸಬೇಡಿ, ಅದಕ್ಕೆ ಹೆಚ್ಚೆಂದರೆ ಸೂಚನೆ ಕೊಡಿ. ಬೇರೊಬ್ಬರು ಕಾಯುತ್ತಿರುವ ಲಾಕ್ (ಒಂದು ಸಲಕ್ಕೆ ಒಬ್ಬರೇ ಬಳಸುವಂತೆ ಹಾಕುವ ಬೀಗ) ಹಿಡಿದ ಪ್ರೋಗ್ರಾಮನ್ನು ಹೆಪ್ಪುಗಟ್ಟಿಸಿದರೆ ಕಾಯುವವರೂ ಕಲ್ಲಾಗುತ್ತಾರೆ.

ಇನ್ನು ದರದ ಪ್ರಾಮಾಣಿಕತೆಯ ಪ್ರಶ್ನೆ. ಮೇಲಿನ ಪ್ರಯೋಗವನ್ನೇ ಎರಡು ಕೋರ್‌ಗಳಲ್ಲಿ ಮಾಡಿದರೆ 540 ಜೌಲ್ ಬರಬೇಕಿತ್ತು. ಬರುವುದು ಅದಕ್ಕಿಂತ ಕಡಿಮೆ, 400 ಎನ್ನೋಣ. ಏಕೆಂದರೆ ಮೊದಲ ಕೋರ್ ಏಳುವಾಗ ಹಂಚಿಕೆಯ ಕ್ಯಾಶ್, ಒಳಗಿನ ಸಂಪರ್ಕಜಾಲ ಎಲ್ಲವೂ ಎದ್ದಿದ್ದವು, ಎರಡನೆಯದು ಉರಿಯುತ್ತಿದ್ದ ದೀಪದ ಕೆಳಗೆ ಓದಿಕೊಂಡಿತು. ದೀಪದ ಎಣ್ಣೆಯ ಖರ್ಚು ಯಾರ ಖಾತೆಗೆ? ಈ ಕ್ಷೇತ್ರದ ಅತ್ಯಂತ ಕಠಿಣ ಪ್ರಶ್ನೆ ಇದು, ಒಂದೇ ಸರಿಯುತ್ತರ ಇಲ್ಲ. ಸರಳ ದಾರಿ ಎಂದರೆ ಸ್ಥಿರ ದರ ಬಿಟ್ಟು, ಪ್ರತಿ ಅವಧಿಯ ಆರ್‌ಎಪಿಎಲ್ ಓದಿನಿಂದ ಯಂತ್ರ ಸುಮ್ಮನಿದ್ದಾಗಿನ ಅದೇ ಕೌಂಟರಿನ ಓದನ್ನು ಕಳೆದು, ಉಳಿದದ್ದನ್ನು ಗುಂಪುಗಳ ಪ್ರೊಸೆಸರ್ ಸಮಯದ ಪ್ರಮಾಣದಲ್ಲಿ ಹಂಚುವುದು. ಆವರ್ತನ ಬದಲಾದರೂ ಮೊತ್ತ ತಪ್ಪುವುದಿಲ್ಲ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ‘ಸಿಂಡರ್’ ಎಂಬ ಮೊಬೈಲ್ ಆಪರೇಟಿಂಗ್ ಸಿಸ್ಟಮ್ ರೇಡಿಯೋಗೆ ಇದಕ್ಕಿಂತ ಚೆಂದದ ಉಪಾಯ ಹೂಡಿತ್ತು: ರೇಡಿಯೋ ಎಬ್ಬಿಸುವ ಖರ್ಚು ಒಬ್ಬನಿಂದ ಭರಿಸಲಾಗದಿದ್ದರೆ ಬೇಕಾದವರೆಲ್ಲ ವಂತಿಗೆ ಹಾಕಿ, ಮೊತ್ತ ಕೂಡಿದಾಗ ಎಬ್ಬಿಸಿ, ಎಲ್ಲರೂ ಒಟ್ಟಿಗೆ ಬಳಸಿಕೊಳ್ಳುವುದು.

ಬಜೆಟ್ ಮುಗಿದಾಗ ನಿಲ್ಲಿಸುವುದೊಂದೇ ದಾರಿಯಲ್ಲ, ಕೆಲಸದ ಗುಣಮಟ್ಟ ಇಳಿಸಬಹುದು. ಕಾರ್ನೆಗಿ ಮೆಲನ್‌ನಲ್ಲಿ ಫ್ಲಿನ್ ಮತ್ತು ಸತ್ಯನಾರಾಯಣನ್ 1999ರಲ್ಲಿ ತೋರಿಸಿದ್ದು ಇದನ್ನೇ: ಬಳಕೆದಾರ ಕೇಳಿದಷ್ಟು ಹೊತ್ತು ಬ್ಯಾಟರಿ ಬರಬೇಕಾದರೆ ವಿಡಿಯೊದ ಗುಣಮಟ್ಟವನ್ನು ತಾನಾಗಿ ತಗ್ಗಿಸುವುದು. ನಿಮ್ಮದೇ ಪ್ರೋಗ್ರಾಮು ಇದ್ದರೆ ಬಾಕಿ ಜೌಲ್ ಓದುವ ದಾರಿಯೊಂದನ್ನು ಅದಕ್ಕೆ ಕೊಡಿ.

ಅರ್ಧ ಗಂಟೆಗೊಮ್ಮೆ ಬ್ಯಾಟರಿಯಲ್ಲಿ ಉಳಿದ ಜೌಲ್‌ಗಳನ್ನು ಉಳಿದ ಸೆಕೆಂಡುಗಳಿಂದ ಭಾಗಿಸಿ ಪಾಲುಗಳನ್ನು ಹೊಸದಾಗಿ ಲೆಕ್ಕ ಹಾಕಿ. ಪ್ರೊಸೆಸರ್ ಸಮಯಕ್ಕೆ ಸೇರದ ಪರದೆ, ವೈಫೈ, ಡಿಸ್ಕ್‌ಗಳ ತಪ್ಪೆಲ್ಲ ಇಲ್ಲಿ ತಾನಾಗಿ ಸರಿಹೋಗುತ್ತದೆ.

ಹಂತ 7: ಮುಚ್ಚಳ ಮುಚ್ಚಿದ ಮೇಲೆ

ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರಲ್ಲಿ ತಂದ ಎಸಿಪಿಐ ಎಂಬ ಶಕ್ತಿ ನಿರ್ವಹಣೆಯ ಮಾನದಂಡದಲ್ಲಿ ಎಸ್3 ಎಂದರೆ ಮೆಮೊರಿ ಬಿಟ್ಟು ಹೆಚ್ಚುಕಡಿಮೆ ಎಲ್ಲವೂ ಆರಿದ ಸ್ಥಿತಿ. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದರ ಬದಲು, ಪ್ರೊಸೆಸರನ್ನು ಆಳದ ನಿದ್ದೆಯಲ್ಲಿ ಇಡುವ ಸ್ಥಿತಿಯಷ್ಟೇ ಇರುತ್ತದೆ. ನಿಮ್ಮಲ್ಲಿ ಯಾವುದಿದೆ ಎಂದು ಸಿಸ್, ಪವರ್ ಒಳಗಿನ ‘ಮೆಮ್-ಸ್ಲೀಪ್’ ಫೈಲು ಹೇಳುತ್ತದೆ: ‘ಡೀಪ್’ ಎಂದರೆ ಮೊದಲನೆಯದು, ‘ಎಸ್2ಐಡಲ್’ ಎಂದರೆ ಎರಡನೆಯದು.

ಮಲಗಿಸುವ ಮೊದಲು ಬ್ಯಾಟರಿಯ ‘ಎನರ್ಜಿ-ನೌ’ ಬರೆದಿಟ್ಟು, ಎಂಟು ಗಂಟೆ ಬಿಟ್ಟು ಮತ್ತೆ ಓದಿ. 4 ವ್ಯಾಟ್-ಅವರ್ ಹೋಗಿದ್ದರೆ ಸರಾಸರಿ ಅರ್ಧ ವ್ಯಾಟ್ ಸೋರಿದೆ. ಸೋರಿಕೆ ಹೆಚ್ಚಿದ್ದರೆ ಪ್ರೋಕ್ ಡೈರೆಕ್ಟರಿಯೊಳಗಿನ ಎಸಿಪಿಐ ಫೋಲ್ಡರಿನಲ್ಲಿ ‘ವೇಕ್‌ಅಪ್’ ಫೈಲು ನೋಡಿ, ಯಾವ ಸಾಧನಗಳಿಗೆ ಎಬ್ಬಿಸುವ ಅಧಿಕಾರವಿದೆ ಎಂಬ ಪಟ್ಟಿ ಅಲ್ಲಿದೆ. ಯಂತ್ರ ಮಲಗಲೇ ಒಲ್ಲದಿದ್ದರೆ ತಡೆಯುತ್ತಿರುವವರ ಹೆಸರನ್ನು ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿ-ಇನ್‌ಹಿಬಿಟ್, ವಿಂಡೋಸ್‌ನಲ್ಲಿ ಪವರ್‌ಸಿಎಫ್‌ಜಿಯ ‘ರಿಕ್ವೆಸ್ಟ್ಸ್’, ಮ್ಯಾಕ್‌ನಲ್ಲಿ ಪಿಎಂಸೆಟ್‌ನ ‘ಅಸರ್ಷನ್ಸ್’ ಹೇಳುತ್ತವೆ.

ಹಂತ 8: ಉಳಿಸಿಕೊಳ್ಳುವುದು

ಸಿಸ್ ಡೈರೆಕ್ಟರಿಯಲ್ಲಿ ಬರೆದದ್ದೆಲ್ಲ ರೀಬೂಟ್ ಆದೊಡನೆ ಅಳಿಸಿಹೋಗುತ್ತದೆ. ಸಾಧನಗಳ ಬದಲಾವಣೆಗಳನ್ನು ಯುಡೆವ್ (ಸಾಧನಗಳನ್ನು ಗುರುತಿಸಿ ಸಿದ್ಧಪಡಿಸುವ ವ್ಯವಸ್ಥೆ) ನಿಯಮಗಳಲ್ಲಿ, ಉಳಿದವನ್ನು ಬೂಟ್ ಸಮಯದ ಒಂದು ಸಿಸ್ಟಮ್‌ಡಿ ಸೇವೆಯಲ್ಲಿ ಇಡಿ. ಶಕ್ತಿ ಉಳಿಸುವ ಸಿದ್ಧ ಪ್ರೋಗ್ರಾಮುಗಳಾದ ಟಿಎಲ್‌ಪಿ ಮತ್ತು ಪವರ್-ಪ್ರೊಫೈಲ್ಸ್-ಡೀಮನ್ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ, ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ. ನಿಮ್ಮದೇ ಡೀಮನ್ ಇದ್ದರೆ ಯಾವ ಫೈಲಿಗೆ ಯಾರು ಯಜಮಾನ ಎಂದು ಮೊದಲೇ ತೀರ್ಮಾನಿಸಿ.

ಪ್ರತಿ ಕರ್ನಲ್ ನವೀಕರಣದ ನಂತರ ಎರಡನೇ ಹಂತಕ್ಕೆ ಮರಳಿ ತಳಮಟ್ಟ ಮತ್ತೆ ಅಳೆಯಿರಿ. ದಿನಾಂಕ, ಕರ್ನಲ್ ಆವೃತ್ತಿ, ಪರದೆಯ ಬೆಳಕು, ವ್ಯಾಟ್ ಎಂಬ ನಾಲ್ಕು ಅಂಕಣಗಳ ಒಂದು ಪಠ್ಯ ಫೈಲು ಸಾಕು. ನನ್ನ ಫೈಲಿನಲ್ಲಿ ಈಗ ನಲವತ್ತಕ್ಕೂ ಹೆಚ್ಚು ಸಾಲುಗಳಿವೆ. ಅವುಗಳಲ್ಲಿ ಮೂರು ಸಾಲುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆ, ಮೂರೂ ನಾನು ಪರದೆಯ ಬೆಳಕು ಬರೆಯಲು ಮರೆತ ದಿನಗಳು.